ತೀರಿಕೊಂಡವರ ಸೊತ್ತನ್ನು ಶರೀಅತ್ತಿನಂತೆ ಹಂಚುವುದು ಹೇಗೆ?

ಮನೆಯವರೊಬ್ಬರು ತೀರಿಕೊಂಡ ಮೇಲೆ ಸೊತ್ತಿನ ಮಾತೆತ್ತುವುದೇ ತಪ್ಪೆಂಬ ಭಾವನೆ ಅನೇಕ ಕುಟುಂಬಗಳಲ್ಲಿದೆ. ದುಃಖ ಆರಲಿ, ವರ್ಷ ತುಂಬಲಿ, ತಾಯಿ ಇರುವವರೆಗೆ ಬೇಡ ಎಂದು ಮುಂದೂಡುತ್ತ ಹೋದರೆ ಅಷ್ಟರಲ್ಲಿ ವಾರಸುದಾರರಲ್ಲೇ ಒಬ್ಬಿಬ್ಬರು ತೀರಿಕೊಂಡಿರುತ್ತಾರೆ, ಅವರ ಮಕ್ಕಳೂ ಹಕ್ಕುದಾರರಾಗಿರುತ್ತಾರೆ, ಕಾಗದಪತ್ರಗಳು ಯಾರ ಬಳಿ ಇವೆಯೆಂಬುದೂ ಮರೆತುಹೋಗಿರುತ್ತದೆ. ಶರೀಅತ್ತಿನಲ್ಲಿ ವಾರಸುದಾರರ ಹಕ್ಕು ಸಾವಿನ ಕ್ಷಣದಲ್ಲೇ ಹುಟ್ಟುತ್ತದೆ. ಆ ಕ್ಷಣದಿಂದ ಮನೆಯ ಬಾಡಿಗೆಯಲ್ಲೂ ತೋಟದ ಫಸಲಿನಲ್ಲೂ ಅವರವರ ಪಾಲಿನಷ್ಟು ಅವರವರದು. ಹಂಚಿಕೆ ತಡವಾದಷ್ಟೂ ಒಬ್ಬರ ಪಾಲನ್ನು ಇನ್ನೊಬ್ಬರು ಉಣ್ಣುವ ಅವಧಿ ಬೆಳೆಯುತ್ತದೆ. ವಾರಸುದಾರರಲ್ಲಿ ತಂದೆಯಿಲ್ಲದ ಚಿಕ್ಕ ಮಕ್ಕಳಿದ್ದರಂತೂ ವಿಷಯ ಇನ್ನೂ ಗಂಭೀರ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ತಮ್ಮ ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆ ಎಂಬ ಕುರ್‌ಆನಿನ ಎಚ್ಚರಿಕೆ ಬಂದಿರುವುದು (4:10) ಪಾಲುಗಳನ್ನು ಹೇಳುವ ವಚನಕ್ಕೆ ತೀರ ಮೊದಲಿನ ವಚನದಲ್ಲೇ.

ಹಂಚಿಕೆಯ ಜಗಳಗಳು ಎಂಟನೇ ಒಂದು, ಆರನೇ ಒಂದು ಎಂಬ ಭಿನ್ನರಾಶಿಗಳಿಂದ ಹುಟ್ಟುವುದು ಅಪರೂಪ. ಅವು ಹುಟ್ಟುವುದು ಯಾವುದು ತೀರಿಕೊಂಡವರ ಸೊತ್ತು, ಯಾವುದು ಅಲ್ಲ ಎಂಬುದನ್ನು ಮೊದಲೇ ಬಿಡಿಸಿಕೊಳ್ಳದೆ ಲೆಕ್ಕಕ್ಕೆ ಕೂರುವುದರಿಂದ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಲೆಕ್ಕದ ಹಿಂದಿನ ಹೆಜ್ಜೆಗಳಿಗೇ ಹೆಚ್ಚು ಜಾಗ ಕೊಟ್ಟಿದೆ. ಇಲ್ಲಿರುವುದು ಸುನ್ನಿ ಮದ್‌ಹಬ್‌ಗಳ (ಧರ್ಮಶಾಸ್ತ್ರದ ಪಂಥಗಳ), ಬಹುಮಟ್ಟಿಗೆ ಅವುಗಳಲ್ಲೊಂದಾದ ಹನಫಿಯ ನಿಲುವು. ಇನ್ನೊಂದು ಸುನ್ನಿ ಪಂಥವಾದ ಶಾಫಿಈ ಮತ್ತು ಜಾಫರಿ ಶಿಯಾ ನಿಲುವು ಮುಖ್ಯವಾಗಿ ಬೇರೆಯಾಗುವಲ್ಲಿ ಅದನ್ನು ಸೂಚಿಸಿದೆ.

ಮೊದಲ ಹೆಜ್ಜೆ: ಸೊತ್ತು ಯಾವುದೆಂದು ಗುರುತಿಸುವುದು

ಒಂದು ಹಾಳೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿರುವ ಎಲ್ಲವನ್ನೂ ಬರೆಯಿರಿ: ಜಮೀನು, ಮನೆ, ಬ್ಯಾಂಕ್ ಠೇವಣಿ, ಷೇರು, ವಾಹನ, ಚಿನ್ನ, ವ್ಯಾಪಾರದ ಬಂಡವಾಳ, ಇತರರಿಂದ ಬರಬೇಕಾದ ಸಾಲ, ಮೊಬೈಲ್ ವಾಲೆಟ್ಟಿನ ಹಣ, ಅಂತರಜಾಲದ ಖಾತೆಗಳಿಂದ ಬರುವ ಆದಾಯ. ಧರಿಸುತ್ತಿದ್ದ ಬಟ್ಟೆ, ಕೈಗಡಿಯಾರ, ಪುಸ್ತಕಗಳೂ ಪಟ್ಟಿಗೆ ಸೇರಬೇಕು. ತಂದೆಯ ಗಡಿಯಾರವನ್ನು ಹಿರಿಯ ಮಗ ನೆನಪಿಗೆಂದು ಕೈಗೆ ಕಟ್ಟಿಕೊಳ್ಳುವುದು ಸಹಜವಾದರೂ, ಉಳಿದವರನ್ನು ಒಂದು ಮಾತು ಕೇಳಿ ತೆಗೆದುಕೊಳ್ಳುವುದು ಕ್ರಮ. ಅದೂ ಎಲ್ಲ ವಾರಸುದಾರರ ಸೊತ್ತೇ.

ಆಮೇಲೆ ಅದೇ ಹಾಳೆಯಲ್ಲಿ, ಹೆಸರು ಅವರದಾಗಿದ್ದರೂ ಒಡೆತನ ಬೇರೆಯವರದಾಗಿರುವುದನ್ನು ಹೊಡೆದುಹಾಕಿ. ಇಂದಿನ ಕುಟುಂಬಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ನಿವೇಶನ ಗಂಡನ ಹೆಸರಿಗೆ ನೋಂದಣಿಯಾಗಿರುತ್ತದೆ, ಕಂತಿನ ದೊಡ್ಡ ಭಾಗ ಹೆಂಡತಿಯ ಸಂಬಳದಿಂದ ಹೋಗಿರುತ್ತದೆ. ಇಸ್ಲಾಮಿನಲ್ಲಿ ಮದುವೆಯಿಂದ ದಂಪತಿಗಳ ಸೊತ್ತು ಒಂದಾಗುವುದಿಲ್ಲ. ಹೆಂಡತಿಯ ಗಳಿಕೆ ಪೂರ್ತಿ ಅವಳದೇ, ಮನೆಖರ್ಚಿನ ಹೊಣೆ ಗಂಡನದು. ಅವಳು ಹಣ ಕೊಟ್ಟದ್ದು ಪಾಲುದಾರಿಕೆಯಾಗಿಯೋ, ಸಾಲವಾಗಿಯೋ, ಉಡುಗೊರೆಯಾಗಿಯೋ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಪಾಲುದಾರಿಕೆಯಾದರೆ ಅಷ್ಟು ಭಾಗ ಮನೆ ಅವಳದೇ ಆಗಿದ್ದು ಹಂಚಿಕೆಗೆ ಬರುವುದಿಲ್ಲ. ಸಾಲವಾದರೆ ಮುಂದಿನ ಹೆಜ್ಜೆಯಲ್ಲಿ ಸಾಲವಾಗಿಯೇ ತೀರಬೇಕು. ಉಡುಗೊರೆಯಾದರೆ ಅದು ಗಂಡನ ಸೊತ್ತಾಗಿ ಎಲ್ಲರ ನಡುವೆ ಹಂಚಿಹೋಗುತ್ತದೆ. ದಂಪತಿಗಳು ಬದುಕಿರುವಾಗಲೇ ಇದನ್ನು ನಾಲ್ಕು ಸಾಲಿನಲ್ಲಿ ಬರೆದಿಡುವುದು ಪ್ರೀತಿಯ ಕೊರತೆಯಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ, ಸಣ್ಣದಿರಲಿ ದೊಡ್ಡದಿರಲಿ ಬೇಸರಿಸಬೇಡಿ ಎಂದು ಕುರ್‌ಆನೇ ಹೇಳಿದೆ (2:282).

ಆಭರಣಗಳ ವಿಷಯವೂ ಹೀಗೆಯೇ. ಹೆಂಡತಿಗೆ ಕೊಟ್ಟೇಬಿಟ್ಟ ಒಡವೆ ಅವಳದು; ತೊಡಲು ಕೊಟ್ಟು ಒಡೆತನ ಉಳಿಸಿಕೊಂಡದ್ದಾದರೆ ಗಂಡನದು. ಮಗನ ಹೆಸರಿನಲ್ಲಿ ತಂದೆ ಕೊಂಡ ಜಮೀನನ್ನು ಮಗನಿಗೆ ನಿಜವಾಗಿ ದಾನ ಮಾಡಿ ವಶಕ್ಕೆ ಕೊಟ್ಟಿದ್ದರೇ, ಅಥವಾ ತೆರಿಗೆಯ ಅನುಕೂಲಕ್ಕಾಗಿ ಹೆಸರು ಮಾತ್ರ ಹಾಕಿದ್ದರೇ ಎಂದು ವಿಚಾರಿಸಬೇಕು. ಹಿಬಾ, ಅಂದರೆ ಬದುಕಿರುವಾಗ ಮಾಡುವ ದಾನ, ಕೊಡುವವರು ಕೊಟ್ಟು ಪಡೆಯುವವರು ವಶಕ್ಕೆ ತೆಗೆದುಕೊಂಡಾಗಲೇ ಪೂರ್ಣ. ‘ಈ ಮನೆ ನಿನಗೇ’ ಎಂದು ಹತ್ತು ಬಾರಿ ಹೇಳಿಯೂ ಕೊನೆಯವರೆಗೆ ಸ್ವಾಧೀನ ಬಿಡದಿದ್ದರೆ ಹನಫಿ, ಶಾಫಿಈ ಫಿಕ್ಹ್‌ಗಳ (ಧರ್ಮಶಾಸ್ತ್ರಗಳ) ಪ್ರಕಾರ ದಾನ ಆಗಿಲ್ಲ, ಮನೆ ಎಲ್ಲರಿಗೂ ಸೇರಿದ್ದು.

ಬ್ಯಾಂಕಿನಲ್ಲಿ ನಾಮಿನಿಯಾಗಿರುವವರು ಹಣ ಪಡೆದು ವಾರಸುದಾರರಿಗೆ ತಲುಪಿಸುವ ಹೊಣೆಗಾರರು ಮಾತ್ರ. ನಾಮಿನಿ ಎಂಬ ಕಾರಣಕ್ಕೆ ಹಣ ಅವರದಾಗುವುದಿಲ್ಲ. ಭವಿಷ್ಯನಿಧಿಯಲ್ಲಿ ಸಂಬಳದಿಂದ ಕಡಿತವಾದ ಮೊತ್ತ ತೀರಿಕೊಂಡವರ ಗಳಿಕೆಯಾದ್ದರಿಂದ ಅದು ಹಂಚಿಕೆಗೆ ಬರುತ್ತದೆ. ಆದರೆ ಸಾವಿನ ನಂತರ ಸರಕಾರವೋ ಉದ್ಯೋಗದಾತರೋ ನಿಯಮದಂತೆ ನೇರವಾಗಿ ವಿಧವೆಗೆ ಕೊಡುವ ಕುಟುಂಬ ಪಿಂಚಣಿ ಅವರ ಕಡೆಯ ನೆರವು, ಆದ್ದರಿಂದ ಅದು ಪಡೆದವರಿಗೇ ಸೇರಿದ್ದು ಎಂಬುದು ಅನೇಕ ವಿದ್ವಾಂಸರ ನಿಲುವು. ಸಾಂಪ್ರದಾಯಿಕ ಜೀವವಿಮೆಯಲ್ಲಿ ಕಟ್ಟಿದ ಕಂತಿನಷ್ಟು ಮೊತ್ತ ಸೊತ್ತಿಗೆ ಸೇರುತ್ತದೆ. ಹೆಚ್ಚುವರಿ ಹಣದ ಬಗ್ಗೆ ಭಿನ್ನಾಭಿಪ್ರಾಯವಿರುವುದರಿಂದ ಪಾಲಿಸಿಯ ಕಾಗದವನ್ನೇ ಮುಂದಿಟ್ಟು ಧರ್ಮಶಾಸ್ತ್ರದ ಅಭಿಪ್ರಾಯ ಹೇಳುವ ಮುಫ್ತಿಯವರನ್ನು ಕೇಳುವುದು ಒಳ್ಳೆಯದು. ಠೇವಣಿಯ ಬಡ್ಡಿಯನ್ನು ವಾರಸುದಾರರು ಹಂಚಿಕೊಳ್ಳದೆ, ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಡಬೇಕೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಹೇಳುತ್ತಾರೆ.

ಎರಡನೆಯ ಹೆಜ್ಜೆ: ಅಂತ್ಯಸಂಸ್ಕಾರ ಮತ್ತು ಸಾಲ

ಉಳಿದ ಸೊತ್ತಿನಿಂದ ಮೊದಲು ಕಫನ್ (ಶವಕ್ಕೆ ಹೊದಿಸುವ ಬಟ್ಟೆ), ದಫನಗಳ (ಹೂಳುವಿಕೆಯ) ಮಿತವಾದ ಖರ್ಚು ತೆಗೆಯಬೇಕು. ನಂತರದ ದಿನಗಳಲ್ಲಿ ಊಟ, ಸತ್ಕಾರಗಳಿಗೆ ಮಾಡಿದ ವೆಚ್ಚವನ್ನು ಈ ಖಾತೆಗೆ ಹಾಕುವಂತಿಲ್ಲ. ಮಾಡಬಯಸುವವರು ತಮ್ಮ ಕಿಸೆಯಿಂದ ಮಾಡಲಿ. ಅಪ್ರಾಪ್ತ ವಾರಸುದಾರರಿದ್ದಾಗ ಅವರ ಪಾಲಿನ ಹಣದಿಂದ ನಡೆಯುವ ಸತ್ಕಾರವನ್ನು ಯಾವ ಮದ್‌ಹಬ್ ಕೂಡ ಒಪ್ಪುವುದಿಲ್ಲ.

ಬಳಿಕ ಸಾಲ. ಕುರ್‌ಆನಿನ ವಚನದಲ್ಲಿ ವಸಿಯ್ಯತ್ತಿನ (ಉಯಿಲಿನ) ಉಲ್ಲೇಖ ಸಾಲಕ್ಕಿಂತ ಮೊದಲು ಬಂದಿದ್ದರೂ, ಪ್ರವಾದಿ ಮುಹಮ್ಮದರು (ಸ: ಅವರ ಮೇಲೆ ಶಾಂತಿಯಿರಲಿ) ಸಾಲವನ್ನೇ ಮೊದಲು ತೀರಿಸಿದರೆಂದು ಅಲಿ (ರ: ಅಲ್ಲಾಹನು ಅವರನ್ನು ಮೆಚ್ಚಲಿ) ವರದಿ ಮಾಡಿದ್ದು, ಎಲ್ಲ ಮದ್‌ಹಬ್‌ಗಳೂ ಆ ಕ್ರಮವನ್ನೇ ಅನುಸರಿಸುತ್ತವೆ. ಸಾಲ ಉಳಿಸಿ ಹೋದವರೊಬ್ಬರ ಜನಾಝಾ ನಮಾಝಿಗೆ (ಅಂತ್ಯಪ್ರಾರ್ಥನೆಗೆ) ನಿಲ್ಲಲು ಪ್ರವಾದಿಯವರು ಹಿಂಜರಿದಾಗ, ಅಬೂ ಕತಾದ (ರ) ಎಂಬ ಸಹಾಬಿ (ಪ್ರವಾದಿಯವರ ಒಡನಾಡಿ) ಆ ಸಾಲವನ್ನು ತಮ್ಮ ಮೇಲೆ ಎಳೆದುಕೊಂಡ ನಂತರವೇ ನಮಾಝ್ ನಡೆಯಿತು ಎಂಬ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಪ್ರಸಿದ್ಧ.

ಬ್ಯಾಂಕಿನ ಸಾಲ, ಅಂಗಡಿಯ ಬಾಕಿ, ಕೈಗಡಗಳನ್ನು ಯಾರೂ ಮರೆಯುವುದಿಲ್ಲ. ಸಾಲಗಾರರೇ ಬಂದು ಕೇಳುತ್ತಾರೆ. ಮರೆತುಹೋಗುವುದು ಕೇಳಲು ಬಾರದವರ ಸಾಲ, ಅದರಲ್ಲೂ ಹೆಂಡತಿಯ ಮಹರ್, ಅಂದರೆ ಮದುವೆಯಲ್ಲಿ ಗಂಡ ಅವಳಿಗೆ ಕೊಡಬೇಕಾದ ವಧುಧನ. ನಿಕಾಹ್ ವೇಳೆ ಹೇಳಿ, ಬಾಕಿಯಿಟ್ಟು, ಕೊನೆಗೂ ಕೊಡದೆ ಹೋದ ಮಹರ್ ಪೂರ್ತಿ ಸಾಲ. ಅದು ವಿಧವೆಯ ಪಾಲಿನೊಳಗೆ ಸೇರಿಹೋಗುವುದಿಲ್ಲ; ಅದನ್ನು ಕೊಟ್ಟ ಮೇಲೆ ಅವಳ ಪಾಲು ಬೇರೆ. ಮಯ್ಯಿತ್ತಿನ (ಶವದ) ಮುಂದೆ ನಿಂತು ‘ಮಹರ್ ಮನ್ನಾ ಮಾಡಿಬಿಡು’ ಎಂದು ನಾಲ್ಕು ಹೆಂಗಸರ ನಡುವೆ ವಿಧವೆಯನ್ನು ಕೇಳುವ ರೂಢಿ ಕೆಲವೆಡೆ ಇದೆ. ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟರೆ ಮಾತ್ರ ನೀವು ಅದನ್ನು ಉಣ್ಣಬಹುದು ಎಂಬ ಷರತ್ತಿರುವಾಗ (4:4), ಆ ಸ್ಥಿತಿಯಲ್ಲಿ ಪಡೆದ ಒಪ್ಪಿಗೆಗೆ ಏನು ಬೆಲೆ?

ತೀರಿಕೊಂಡವರು ಬಾಕಿಯುಳಿಸಿದ ಝಕಾತ್ (ಕಡ್ಡಾಯ ದಾನ) ಶಾಫಿಈ ನಿಲುವಿನಲ್ಲಿ ಸಾಲವೇ ಆಗಿದ್ದು, ಸೊತ್ತಿನಿಂದ ತೀರಿಸಬೇಕು. ಹನಫಿ ನಿಲುವಿನಲ್ಲಿ ಅವರು ವಸಿಯ್ಯತ್ ಮಾಡಿದ್ದರೆ ಮಾತ್ರ, ಅದೂ ಮೂರನೇ ಒಂದರೊಳಗೆ.

ಮೂರನೆಯ ಹೆಜ್ಜೆ: ವಸಿಯ್ಯತ್

ಸಾಲ ಕಳೆದು ಉಳಿದದ್ದರಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗದ ಮೇಲೆ ಮಾತ್ರ ತೀರಿಕೊಂಡವರ ಉಯಿಲು ನಡೆಯುತ್ತದೆ. ಸಅದ್ ಇಬ್ನ್ ಅಬೀ ವಕ್ಕಾಸ್ (ರ) ಕಾಯಿಲೆ ಬಿದ್ದಾಗ ತನ್ನ ಸೊತ್ತಿನ ಮೂರನೇ ಎರಡನ್ನು, ಅದಲ್ಲದಿದ್ದರೆ ಅರ್ಧವನ್ನು ದಾನ ಮಾಡಲೇ ಎಂದು ಕೇಳಿದರು. ಪ್ರವಾದಿಯವರು ಎರಡಕ್ಕೂ ಬೇಡವೆಂದು, ಮೂರನೇ ಒಂದಕ್ಕೆ ಒಪ್ಪಿ, ಅದೂ ಹೆಚ್ಚೇ ಎಂದರು. ವಾರಸುದಾರರನ್ನು ಇತರರ ಮುಂದೆ ಕೈಯೊಡ್ಡುವಂತೆ ಬಿಟ್ಟುಹೋಗುವುದಕ್ಕಿಂತ ಅನುಕೂಲಸ್ಥರಾಗಿ ಬಿಟ್ಟುಹೋಗುವುದು ಲೇಸು ಎಂದೂ ಹೇಳಿದರು. ಈ ಮಿತಿಯನ್ನು ಮೀರಿದ ಅಂಶ ನಡೆಯಬೇಕಾದರೆ ಪ್ರಾಪ್ತವಯಸ್ಕ ವಾರಸುದಾರರು ಸಾವಿನ ನಂತರ ಒಪ್ಪಬೇಕು.

ಸುನ್ನಿ ನಿಯಮದಂತೆ ಪಾಲು ಸಿಗುವ ವಾರಸುದಾರರಿಗೇ ವಸಿಯ್ಯತ್ ಮಾಡುವಂತಿಲ್ಲ. ಉಳಿದವರು ಒಪ್ಪಿದರೆ ಬೇರೆ ಮಾತು. ಜಾಫರಿ ಫಿಕ್ಹ್‌ನಲ್ಲಿ ಮೂರನೇ ಒಂದರೊಳಗೆ ಅದಕ್ಕೆ ಅವಕಾಶವಿದೆ. ಹಾಗಾದರೆ ವಸಿಯ್ಯತ್ ಯಾರಿಗಾಗಿ? ಪಾಲು ಸಿಗದ, ಆದರೆ ಸಿಗಬೇಕೆಂದು ನಿಮ್ಮ ಮನಸ್ಸು ಹೇಳುವವರಿಗಾಗಿ. ಸಾಕಿದ ಮಗು ಇಸ್ಲಾಮಿನಲ್ಲಿ ಹೆತ್ತ ಮಗುವಿನಂತೆ ವಾರಸುದಾರನಾಗುವುದಿಲ್ಲ (33:4-5). ಮಲಮಕ್ಕಳಿಗೂ ಪಾಲಿಲ್ಲ. ಮುಸ್ಲಿಮರಲ್ಲದ ತಾಯಿ ತಂದೆ ಅಥವಾ ಬಾಳಸಂಗಾತಿಗೂ ಪರಸ್ಪರ ವಾರಸಿನ ಹಕ್ಕಿಲ್ಲ. ಇವರೆಲ್ಲರಿಗೂ ವಸಿಯ್ಯತ್ ಅಥವಾ ಬದುಕಿರುವಾಗಿನ ಹಿಬಾ ಮೂಲಕ ಕೊಡುವ ದಾರಿ ತೆರೆದೇ ಇದೆ.

ಇವರಿಗಿಂತ ಹೆಚ್ಚು ಚರ್ಚೆಗೆ ಒಳಗಾದವರು ತಂದೆಯನ್ನು ಕಳೆದುಕೊಂಡ ಮೊಮ್ಮಕ್ಕಳು. ಅಜ್ಜನಿಗಿಂತ ಮೊದಲೇ ತಂದೆ ತೀರಿಕೊಂಡು, ಅಜ್ಜ ಸಾಯುವಾಗ ಚಿಕ್ಕಪ್ಪನೋ ದೊಡ್ಡಪ್ಪನೋ ಇದ್ದರೆ ಆ ಮೊಮ್ಮಕ್ಕಳಿಗೆ ಪಾಲು ಬರುವುದಿಲ್ಲ. ಹತ್ತಿರದವರು ದೂರದವರನ್ನು ತಡೆಯುತ್ತಾರೆಂಬುದು ನಿಯಮ. ಇದಕ್ಕೆ ಪರಿಹಾರವಾಗಿ ಈಜಿಪ್ಟ್ 1946ರ ಕಾನೂನಿನಲ್ಲಿ, ಅಜ್ಜ ಬರೆಯದಿದ್ದರೂ ಮೂರನೇ ಒಂದರ ಮಿತಿಯಲ್ಲಿ ಮೊಮ್ಮಕ್ಕಳಿಗೆ ವಸಿಯ್ಯತ್ ಇದೆಯೆಂದೇ ಭಾವಿಸಬೇಕೆಂದು ವಿಧಿಸಿತು. ಅನೇಕ ಅರಬ್ ದೇಶಗಳು ಅದೇ ಹಾದಿ ಹಿಡಿದವು. ಪಾಕಿಸ್ತಾನ 1961ರ ಕುಟುಂಬ ಕಾನೂನಿನಲ್ಲಿ ತೀರಿಕೊಂಡ ಮಗನ ಅಥವಾ ಮಗಳ ಪಾಲನ್ನೇ ಮೊಮ್ಮಕ್ಕಳಿಗೆ ಕೊಟ್ಟಿತು. ಅಲ್ಲಿನ ಉಲಮಾಗಳು (ಧರ್ಮವಿದ್ವಾಂಸರು) ಇದನ್ನು ವಿರೋಧಿಸುತ್ತ ಬಂದಿದ್ದಾರೆ. ಈ ಎರಡರಲ್ಲಿ ಈಜಿಪ್ಟಿನ ದಾರಿ ಫಿಕ್ಹ್‌ಗೆ ಹತ್ತಿರವೆಂದು ನನಗೆ ತೋರುತ್ತದೆ. ಆದರೆ ಅಜ್ಜ ಅಜ್ಜಿ ಕಾನೂನಿಗೆ ಕಾಯಬೇಕಾಗಿಲ್ಲ; ಒಂದು ಹಾಳೆ ಮತ್ತು ಇಬ್ಬರು ಸಾಕ್ಷಿಗಳಿದ್ದರೆ ಅವರೇ ಇಂದು ಬರೆದಿಡಬಹುದು. ವಸಿಯ್ಯತ್ ಮಾಡಲು ಏನಾದರೂ ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯುವುದು ಸರಿಯಲ್ಲವೆಂದು ಇಬ್ನ್ ಉಮರ್ (ರ) ವರದಿ ಮಾಡಿದ ಹದೀಸ್‌ನಲ್ಲಿದೆ. ನೀವಿರುವ ದೇಶದ ಕಾನೂನು ಉಯಿಲಿಗೆ ಯಾವ ರೂಪ ಕೇಳುತ್ತದೋ ಆ ರೂಪದಲ್ಲೇ ಬರೆಯಿಸಿ. ಇಲ್ಲದಿದ್ದರೆ ನ್ಯಾಯಾಲಯದಲ್ಲಿ ಅದು ನಿಲ್ಲದು.

ನಾಲ್ಕನೆಯ ಹೆಜ್ಜೆ: ವಾರಸುದಾರರು ಯಾರು?

ಸಾವಿನ ಕ್ಷಣದಲ್ಲಿ ಬದುಕಿದ್ದ ಬಂಧುಗಳ ಪಟ್ಟಿ ಮಾಡಿ. ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಮಗಳು ಇವರನ್ನು ಬೇರಾವ ಬಂಧುವೂ ಹೊರಗಿಡಲಾರರು. ಉಳಿದವರೆಲ್ಲ ಇವರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದರ ಮೇಲೆ ಒಳಗೋ ಹೊರಗೋ ಆಗುತ್ತಾರೆ. ಮಗನಾಗಲಿ ತಂದೆಯಾಗಲಿ ಇದ್ದರೆ ಒಡಹುಟ್ಟಿದವರಿಗೆ ಪಾಲಿಲ್ಲ. ಹೆಣ್ಣುಮಕ್ಕಳು ಮಾತ್ರ ಇದ್ದು ತಂದೆಯೂ ಇಲ್ಲದಿದ್ದರೆ ಉಳಿಕೆ ತೀರಿಕೊಂಡವರ ಅಣ್ಣತಮ್ಮಂದಿರಿಗೆ ಹೋಗುತ್ತದೆ.

ಹಿಂತೆಗೆದುಕೊಳ್ಳಬಹುದಾದ ತಲಾಖ್ ಆಗಿ ಇದ್ದತ್ತಿನಲ್ಲಿರುವ (ಮರುಮದುವೆಗೆ ಮುಂಚೆ ಕಾಯಬೇಕಾದ ಅವಧಿಯಲ್ಲಿರುವ) ಹೆಂಡತಿ ಇನ್ನೂ ವಾರಸುದಾರಳೇ. ಕೊನೆಯ ಕಾಯಿಲೆಯಲ್ಲಿ ಮಲಗಿ, ಅವಳ ಪಾಲು ತಪ್ಪಿಸಲೆಂದು ತಲಾಖ್ ಹೇಳಿ ಇದ್ದತ್ತಿನೊಳಗೇ ತೀರಿಕೊಂಡರೆ, ಪೂರ್ಣ ತಲಾಖ್ ಆಗಿದ್ದರೂ ಹನಫಿಗಳ ಪ್ರಕಾರ ಅವಳಿಗೆ ಪಾಲು ಬರುತ್ತದೆ. ಗರ್ಭದಲ್ಲಿರುವ ಮಗುವಿಗೂ ಹಕ್ಕಿದೆ. ಹೆರಿಗೆಯವರೆಗೆ ಕಾಯುವುದು ಉತ್ತಮ, ಕಾಯಲಾಗದಿದ್ದರೆ ಗಂಡೋ ಹೆಣ್ಣೋ ಯಾವುದಕ್ಕೆ ಹೆಚ್ಚು ಬರುತ್ತದೆಯೋ ಅಷ್ಟನ್ನು ಬದಿಗಿಡಬೇಕು. ಒಂದೇ ಅಪಘಾತದಲ್ಲಿ ತಂದೆ ಮಗ ಇಬ್ಬರೂ ಹೋಗಿ, ಮೊದಲು ಹೋದವರು ಯಾರೆಂದು ತಿಳಿಯದಿದ್ದರೆ ಒಬ್ಬರಿಗೊಬ್ಬರು ವಾರಸುದಾರರಾಗುವುದಿಲ್ಲ. ಕೊಲೆ ಮಾಡಿದವನಿಗೆ ಕೊಲೆಯಾದವರ ಸೊತ್ತಿನಲ್ಲಿ ಹಕ್ಕಿಲ್ಲ.

ಐದನೆಯ ಹೆಜ್ಜೆ: ಪಾಲುಗಳು

ನಿಗದಿತ ಪಾಲುಗಳು ಕುರ್‌ಆನಿನ ನಾಲ್ಕನೆಯ ಅಧ್ಯಾಯವಾದ ಸೂರಃ ಅನ್ನಿಸಾದ 11, 12 ಮತ್ತು 176ನೆಯ ವಚನಗಳಲ್ಲಿವೆ. ಹೆಂಡತಿಗೆ, ಗಂಡನಿಗೆ ಮಕ್ಕಳಿಲ್ಲದಿದ್ದರೆ ನಾಲ್ಕನೇ ಒಂದು, ಇದ್ದರೆ ಎಂಟನೇ ಒಂದು. ಒಬ್ಬರಿಗಿಂತ ಹೆಚ್ಚು ಪತ್ನಿಯರಿದ್ದರೆ ಅಷ್ಟರಲ್ಲೇ ಸಮನಾಗಿ ಹಂಚಿಕೊಳ್ಳಬೇಕು. ಗಂಡನಿಗೆ ಇದರ ಇಮ್ಮಡಿ, ಅರ್ಧ ಅಥವಾ ನಾಲ್ಕನೇ ಒಂದು. ಮಕ್ಕಳಿದ್ದಾಗ ತಂದೆಗೂ ತಾಯಿಗೂ ತಲಾ ಆರನೇ ಒಂದು. ಮಕ್ಕಳೂ ಇಲ್ಲದೆ, ಇಬ್ಬರೋ ಹೆಚ್ಚೋ ಒಡಹುಟ್ಟಿದವರೂ ಇಲ್ಲದಿದ್ದರೆ ತಾಯಿಗೆ ಮೂರನೇ ಒಂದು. ಗಂಡು ಮಕ್ಕಳಿಲ್ಲದಾಗ ಒಬ್ಬಳೇ ಮಗಳಿಗೆ ಅರ್ಧ, ಇಬ್ಬರು ಅಥವಾ ಹೆಚ್ಚಿದ್ದರೆ ಎಲ್ಲರಿಗೂ ಸೇರಿ ಮೂರನೇ ಎರಡು. ಮಗನೂ ಮಗಳೂ ಇದ್ದರೆ ಇತರರ ನಿಗದಿತ ಪಾಲು ಕಳೆದು ಉಳಿದದ್ದರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು.

ಈ ವಚನ ಬಂದ ಸಂದರ್ಭವನ್ನು ನೋಡಿದರೆ ನಿಯಮ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. ಉಹುದ್ ಯುದ್ಧದಲ್ಲಿ ಸಅದ್ ಇಬ್ನ್ ರಬೀಅ್ (ರ) ಮಡಿದರು. ಅವರ ಸೊತ್ತನ್ನೆಲ್ಲ ಅವರ ಸಹೋದರ ಅಂದಿನ ರೂಢಿಯಂತೆ ತನ್ನದಾಗಿಸಿಕೊಂಡ. ವಿಧವೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ ಬಳಿ ಬಂದು, ಸೊತ್ತಿಲ್ಲದೆ ಇವರ ಮದುವೆ ಹೇಗೆ ಎಂದು ದೂರಿತ್ತಳು. ವಚನ ಅವತೀರ್ಣವಾದ ಮೇಲೆ ಪ್ರವಾದಿಯವರು ಸಹೋದರನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರನೇ ಎರಡು, ಅವರ ತಾಯಿಗೆ ಎಂಟನೇ ಒಂದು ಕೊಡು, ಉಳಿದದ್ದು ನಿನಗೆ ಎಂದರು. 24 ಪಾಲು ಮಾಡಿದರೆ ಮಕ್ಕಳಿಗೆ 16, ತಾಯಿಗೆ 3, ಸಹೋದರನಿಗೆ 5. ಮಗಳಿಗೆ ಮಗನ ಅರ್ಧ ಏಕೆ ಎಂಬ ಚರ್ಚೆ ನಡೆಯುತ್ತಲೇ ಇರುತ್ತದೆ. ಆದರೆ ಬಹಳಷ್ಟು ಮನೆಗಳಲ್ಲಿ ಆ ಅರ್ಧವೂ ಅವಳ ಕೈ ಸೇರಿಲ್ಲ, ಮೊದಲು ಉತ್ತರ ಹೇಳಬೇಕಾದ ಪ್ರಶ್ನೆ ಅದು.

ಪಾಲುಗಳ ಮೊತ್ತ ಒಂದನ್ನು ಮೀರಿದರೆ ಎಲ್ಲರಿಗೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಇದನ್ನು ಔಲ್ ಎನ್ನುತ್ತಾರೆ. ಖಲೀಫ ಉಮರ್ (ರ) ಅವರ ಕಾಲದಲ್ಲಿ ಜಾರಿಗೆ ಬಂತು. ಗಂಡ ಮತ್ತು ಇಬ್ಬರು ಸ್ವಂತ ಸಹೋದರಿಯರಿದ್ದರೆ ಅರ್ಧ ಮತ್ತು ಮೂರನೇ ಎರಡು, ಅಂದರೆ ಆರರಲ್ಲಿ ಮೂರು ಮತ್ತು ನಾಲ್ಕು. ಸೊತ್ತನ್ನು ಏಳು ಮಾಡಿ ಗಂಡನಿಗೆ ಮೂರು, ಸಹೋದರಿಯರಿಗೆ ನಾಲ್ಕು ಕೊಡಬೇಕು. ಜಾಫರಿ ಫಿಕ್ಹ್ ಔಲ್ ಒಪ್ಪುವುದಿಲ್ಲ. ಪಾಲು ಕೊಟ್ಟೂ ಮಿಕ್ಕಿ, ಉಳಿಕೆ ಪಡೆಯುವ ಬಂಧು ಯಾರೂ ಇಲ್ಲದಿದ್ದರೆ ಮಿಕ್ಕದ್ದು ಗಂಡ ಹೆಂಡತಿಯರನ್ನು ಬಿಟ್ಟು ಉಳಿದ ಪಾಲುದಾರರಿಗೇ ಮರಳುತ್ತದೆ.

ಒಂದು ಲೆಕ್ಕ

ಒಬ್ಬರು ಹೆಂಡತಿ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಮತ್ತು ಒಬ್ಬ ತಮ್ಮನನ್ನು ಬಿಟ್ಟು ಹೋದರು ಎನ್ನೋಣ. ಅವರ ಹೆಸರಿನಲ್ಲಿರುವ ಎಲ್ಲದರ ಮೌಲ್ಯ 200 ಭಾಗ. ಅದರಲ್ಲಿ ಮನೆಯೇ 120. ಮನೆಗೆ 40 ಭಾಗ ಹೆಂಡತಿ ತನ್ನ ಸಂಬಳದಿಂದ ಪಾಲುದಾರಳಾಗಿ ಹಾಕಿದ್ದಕ್ಕೆ ಬರಹವಿದೆ. ಅದನ್ನು ತೆಗೆದರೆ ಉಳಿದದ್ದು 160. ದಫನದ ಖರ್ಚು 1, ಬ್ಯಾಂಕ್ ಸಾಲ 9, ಬಾಕಿ ಮಹರ್ 6 ಕಳೆದರೆ 144. ಸಾಕಿದ ಹುಡುಗಿಗೆ 24 ಭಾಗದ ವಸಿಯ್ಯತ್ ಇದೆ. ಮಿತಿ 48 ಆದ್ದರಿಂದ ಪೂರ್ತಿ ನಡೆಯುತ್ತದೆ. ಹಂಚಲು ಉಳಿದದ್ದು 120. ಹೆಂಡತಿಗೆ ಎಂಟನೇ ಒಂದು 15, ತಾಯಿಗೆ ಆರನೇ ಒಂದು 20. ಮಿಕ್ಕ 85ನ್ನು ಐದು ಮಾಡಿ ಗಂಡುಮಕ್ಕಳಿಗೆ ತಲಾ 34, ಮಗಳಿಗೆ 17. ಮಗನಿರುವುದರಿಂದ ತಮ್ಮನಿಗೆ ಏನೂ ಇಲ್ಲ.

ಇದೇ ಕುಟುಂಬ ಮೊದಲ ಮೂರು ಹೆಜ್ಜೆಗಳನ್ನು ಹಾರಿಸಿ ನೇರವಾಗಿ 200ರಲ್ಲಿ ಎಂಟನೇ ಒಂದು ತೆಗೆದಿದ್ದರೆ ಹೆಂಡತಿಗೆ 25 ಸಿಗುತ್ತಿತ್ತು. ಕ್ರಮವಾಗಿ ನಡೆದಾಗ ಅವಳ ಕೈಗೆ ಬರುವುದು ಮನೆಯ 40, ಮಹರಿನ 6, ಪಾಲಿನ 15, ಒಟ್ಟು 61. ಭಿನ್ನರಾಶಿ ಎರಡು ಕಡೆಯೂ ಒಂದೇ.

ಆರನೆಯ ಹೆಜ್ಜೆ: ಕೈಗೆ ಕೊಡುವುದು

ಲೆಕ್ಕ ಮುಗಿದರೂ ಮನೆಯನ್ನು ತುಂಡು ಮಾಡಲಾಗದು. ಒಬ್ಬರು ಉಳಿದವರ ಪಾಲನ್ನು ಇಂದಿನ ಮಾರುಕಟ್ಟೆ ದರದಲ್ಲಿ ಕೊಳ್ಳಬಹುದು, ಮಾರಿ ಹಣ ಹಂಚಬಹುದು, ಬಾಡಿಗೆಗೆ ಕೊಟ್ಟು ಪಾಲಿನಂತೆ ಬಾಡಿಗೆ ತೆಗೆದುಕೊಳ್ಳಬಹುದು. ಒಬ್ಬ ವಾರಸುದಾರ ನಿರ್ದಿಷ್ಟ ವಸ್ತು ಅಥವಾ ಮೊತ್ತವನ್ನು ಪಡೆದು ಉಳಿದದ್ದರಿಂದ ಹೊರಬರುವ ರಾಜಿಗೂ ಫಿಕ್ಹ್‌ನಲ್ಲಿ ಜಾಗವಿದೆ. ತಖಾರುಜ್ ಎಂದು ಅದಕ್ಕೆ ಹೆಸರು. ಯಾವುದೇ ಆಗಲಿ, ವಿಧವೆಯ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ, ಗರ್ಭಿಣಿಯಾದರೆ ಹೆರಿಗೆಯವರೆಗೆ, ಅವಳನ್ನು ಮನೆಯಿಂದ ಕದಲಿಸುವ ಮಾತು ಬರಬಾರದು.

ತಂದೆಯ ಅಂಗಡಿಯನ್ನು ನಡೆಸುತ್ತಿರುವ ಮಗನ ವಿಷಯ ತುಸು ಸೂಕ್ಷ್ಮ. ಅವನ ದುಡಿಮೆಗೆ ಬೆಲೆಯಿದೆ, ಆದರೆ ಬಂಡವಾಳ ಎಲ್ಲರದು. ಸಾವಿನ ದಿನದ ಸರಕು ಮತ್ತು ಬಾಕಿಯ ಲೆಕ್ಕ ತೆಗೆದು, ಅವನಿಗೆ ಸಂಬಳವೋ ಲಾಭದ ಒಂದು ಭಾಗವೋ ಎಂದು ಎಲ್ಲರೂ ಕೂತು ಮೊದಲ ತಿಂಗಳಲ್ಲೇ ಬರೆದುಕೊಳ್ಳಬೇಕು. ಹತ್ತು ವರ್ಷದ ನಂತರ ಇದನ್ನು ಬಿಡಿಸಲು ಯಾವ ಮುಫ್ತಿಗೂ ಕಷ್ಟ.

ಅಕ್ಕತಂಗಿಯರು ‘ನಮಗೆ ಬೇಡ, ಅಣ್ಣನೇ ಇಟ್ಟುಕೊಳ್ಳಲಿ’ ಎನ್ನುವುದು ಸಾಮಾನ್ಯ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಬಂದ ಆ ಮಾತನ್ನು ಬಿಟ್ಟುಕೊಟ್ಟದ್ದೆಂದು ಹಿಡಿಯಬಾರದು. ವಾರಸಿನ ಹಕ್ಕು ಬರೀ ಮಾತಿನಿಂದ ಅಳಿಯುವುದೂ ಇಲ್ಲ. ಅವರ ಪಾಲು ಎಷ್ಟೆಂದು ತಿಳಿಸಿ, ಅವರ ಹೆಸರಿಗೆ ವರ್ಗಾಯಿಸಿ ಅಥವಾ ಕೈಗೆ ಕೊಟ್ಟು, ಕೆಲವು ಕಾಲ ಕಳೆದ ಮೇಲೆ ಅವರಾಗಿಯೇ ಮರಳಿ ಕೊಟ್ಟರೆ ಅದು ದಾನ. ಅಪ್ರಾಪ್ತರ ಪಾಲನ್ನು ಅವರ ತಾಯಿಯಾಗಲಿ ಪೋಷಕರಾಗಲಿ ಬಿಟ್ಟುಕೊಡಲು ಬರುವುದಿಲ್ಲ. ಹಂಚುವ ಹೊತ್ತಿಗೆ ಪಾಲಿಲ್ಲದ ಬಂಧುಗಳು, ಅನಾಥರು, ಬಡವರು ಅಲ್ಲಿದ್ದರೆ ಅವರಿಗೂ ಏನಾದರೂ ಕೊಟ್ಟು ಒಳ್ಳೆಯ ಮಾತಾಡಿರೆಂಬ ಸೂಚನೆಯಿದೆ (4:8). ಮೇಲಿನ ಲೆಕ್ಕದ ತಮ್ಮನಂಥವರನ್ನು ನೆನೆಯಬೇಕಾದದ್ದು ಆಗ, ಅದೂ ಪ್ರಾಪ್ತವಯಸ್ಕರು ತಮ್ಮ ಪಾಲಿನಿಂದ.

ಹಂಚಿಕೆಯ ಪತ್ರದಲ್ಲಿ ಸೊತ್ತಿನ ಪಟ್ಟಿ, ತೀರಿಸಿದ ಸಾಲ, ವಸಿಯ್ಯತ್, ಪ್ರತಿಯೊಬ್ಬರ ಪಾಲು ಮತ್ತು ಪಡೆದ ದಿನಾಂಕವನ್ನು ಬರೆದು ಎಲ್ಲರೂ ಸಹಿ ಹಾಕಿ, ಸ್ಥಳೀಯ ಕಾನೂನಿನಂತೆ ನೋಂದಾಯಿಸಿ. ಅಪ್ರಾಪ್ತರ ಪಾಲನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಅವರಿಗಾಗಿ ಮಾಡಿದ ಖರ್ಚಿನ ರಸೀದಿಗಳನ್ನು ಒಂದೆಡೆ ಜೋಡಿಸಿಡಿ. ಪೋಷಕರು ಅನುಕೂಲಸ್ಥರಾಗಿದ್ದರೆ ಅದರಿಂದ ಏನನ್ನೂ ಮುಟ್ಟಬಾರದು; ಬಡವರಾಗಿದ್ದರೆ ನ್ಯಾಯವಾದಷ್ಟನ್ನು ಮಾತ್ರ ತೆಗೆದುಕೊಳ್ಳಬಹುದು. ಮಕ್ಕಳು ಪ್ರಾಯಕ್ಕೆ ಬಂದು ವ್ಯವಹಾರದ ತಿಳಿವಳಿಕೆ ಕಂಡಾಗ ಸಾಕ್ಷಿಗಳ ಮುಂದೆ ಸೊತ್ತನ್ನು ಅವರ ಕೈಗೆ ಒಪ್ಪಿಸಬೇಕು (4:6).